ಸೋರುವ ಪೊರೆಯ ಚರಿತ್ರೆ

ಬ್ಯಾಟರಿಯ ಪೊರೆಯ ಕತೆ ಎತ್ತಿನ ಗಂಟಲಿನಿಂದ ಶುರುವಾಗುತ್ತದೆ. 1836ರಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದ ಜಾನ್ ಫ್ರೆಡರಿಕ್ ಡೇನಿಯಲ್‌ನಿಗೆ ಒಂದು ತಲೆನೋವಿತ್ತು. ವೋಲ್ಟಾನ ಬ್ಯಾಟರಿ ಕೆಲಸ ಶುರುಮಾಡಿದ ಸ್ವಲ್ಪ ಹೊತ್ತಿಗೇ ಸುಸ್ತಾಗುತ್ತಿತ್ತು. ತಾಮ್ರದ ಮೇಲೆ ಜಲಜನಕದ ಗುಳ್ಳೆಗಳು ಕೂತು ವಿದ್ಯುತ್ತಿನ ದಾರಿ ಕಟ್ಟಿಬಿಡುತ್ತಿದ್ದವು. ತಾಮ್ರಕ್ಕೊಂದು ದ್ರಾವಣ, ಸತುವಿಗೊಂದು ದ್ರಾವಣ ಎಂದು ಬೇರೆ ಮಾಡಿದರೆ ಈ ಕಾಟ ತಪ್ಪುತ್ತದೆಂದು ಅವನಿಗೆ ಹೊಳೆಯಿತು. ಆದರೆ ಪೂರ್ತಿ ಬೇರೆ ಮಾಡುವಂತಿಲ್ಲ, ಆಗ ವಿದ್ಯುತ್ತು ಹರಿಯುವುದೇ ಇಲ್ಲ. ಹಾಗೆಂದು ಕೂಡಲು ಬಿಟ್ಟರೆ ಎರಡೂ ಬೆರೆತು ಕೆಡುತ್ತವೆ. ಅತ್ತ ದರಿ, ಇತ್ತ ಪುಲಿ. ಡೇನಿಯಲ್ ಎತ್ತಿನ ಅನ್ನನಾಳವನ್ನು ತಂದು ಎರಡು ದ್ರಾವಣಗಳ ನಡುವೆ ಕಟ್ಟಿದ. ಮುಂದೆ ಅದರ ಜಾಗಕ್ಕೆ ಮೆರುಗು ಹಚ್ಚದ ಮಣ್ಣಿನ ಕುಡಿಕೆ ಬಂತು. ತಂತಿ ಕಚೇರಿಗಳು ಹಲವು ದಶಕ ನಡೆದದ್ದು ಇಂಥ ಬ್ಯಾಟರಿಗಳಿಂದಲೇ.

ಬೇಸಿಗೆಯಲ್ಲಿ ನೀರಿನ ಮಡಕೆಯ ಮೈ ಬೆವರುವುದನ್ನು ಕಂಡವರಿಗೆ ಆ ಕುಡಿಕೆಯ ಗುಣ ಬಿಡಿಸಿ ಹೇಳಬೇಕಾಗಿಲ್ಲ. ಅದು ಸೋರುತ್ತದೆ, ಆದರೆ ನಿಧಾನವಾಗಿ. ಡೇನಿಯಲ್‌ನಿಗೆ ಅಷ್ಟು ಸಾಕಾಗಿತ್ತು. ಅವನ ಬ್ಯಾಟರಿ ಒಮ್ಮೆ ಖಾಲಿಯಾದರೆ ಮುಗಿಯಿತು, ಹೊಸ ಸತುವನ್ನೂ ಹೊಸ ದ್ರಾವಣವನ್ನೂ ಹಾಕಬೇಕು. ಅದೇ ದ್ರಾವಣವನ್ನು ಇಪ್ಪತ್ತು ವರ್ಷ ಮತ್ತೆ ಮತ್ತೆ ಚಾರ್ಜ್ ಮಾಡಿ ಬಳಸುತ್ತೇವೆ ಎಂದು ಹೊರಟವರಿಗೆ ಮಾತ್ರ ನಿಧಾನದ ಸೋರಿಕೆಯೂ ಮಾರಕ.

ಹಾಗೆ ಹೊರಟದ್ದು ಫ್ಲೋ ಬ್ಯಾಟರಿ ಮಾಡುವವರು. ಇದರಲ್ಲಿ ವಿದ್ಯುತ್ತು ಘನ ಪದಾರ್ಥದಲ್ಲಲ್ಲ, ದ್ರವದಲ್ಲಿ ಕೂತಿರುತ್ತದೆ. ಎರಡು ದೊಡ್ಡ ತೊಟ್ಟಿ, ಎರಡು ಪಂಪು, ನಡುವೆ ತೆಳ್ಳನೆಯ ಕೋಶಗಳ ಒಂದು ಅಟ್ಟಿ. ಪ್ರತಿ ಕೋಶದ ಮಧ್ಯೆ ಒಂದು ಪೊರೆ, ಅದರ ಆಚೆಗೊಂದು ದ್ರಾವಣ, ಈಚೆಗೊಂದು ದ್ರಾವಣ. ಹೆಚ್ಚು ಹೊತ್ತು ವಿದ್ಯುತ್ತು ಬೇಕೆಂದರೆ ತೊಟ್ಟಿಯನ್ನು ದೊಡ್ಡದು ಮಾಡಿದರಾಯಿತು, ಅಟ್ಟಿಯನ್ನು ಮುಟ್ಟಬೇಕಿಲ್ಲ. ದ್ರಾವಣದ ಬಹುಪಾಲು ನೀರೇ ಆದ್ದರಿಂದ ಬೆಂಕಿ ಹತ್ತುವ ಭಯವೂ ಕಡಿಮೆ. ಹಗಲಿನ ಬಿಸಿಲನ್ನು ರಾತ್ರಿಗೆ ಇಟ್ಟುಕೊಳ್ಳುವುದು ಹೇಗೆ ಎಂಬುದು ಈಗ ನಮ್ಮಲ್ಲೂ ಬಿಸಿ ಪ್ರಶ್ನೆ. ಶರಾವತಿ ಕಣಿವೆಯಲ್ಲಿ 2,000 ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆಗೆ ಕಾಡು ಬಿಟ್ಟುಕೊಡಬೇಕೇ ಎಂಬ ಜಗಳದ ಬುಡದಲ್ಲಿರುವುದೂ ಇದೇ.

ಫ್ಲೋ ಬ್ಯಾಟರಿಯ ಚರಿತ್ರೆಯನ್ನು ಸಾಮಾನ್ಯವಾಗಿ ಲೋಹಗಳ ಚರಿತ್ರೆಯಾಗಿ ಹೇಳುವುದು ವಾಡಿಕೆ. ಮೊದಲು ಕಬ್ಬಿಣ ಮತ್ತು ಕ್ರೋಮಿಯಂ, ಆಮೇಲೆ ವೆನೇಡಿಯಂ, ಈಚೆಗೆ ಸಾವಯವ ಅಣುಗಳು. ನನಗೆ ಅದು ಪೊರೆಯ ಚರಿತ್ರೆಯಾಗಿ ಕಾಣುತ್ತದೆ. ಸರಿಯಾಗಿ ಹೇಳಬೇಕೆಂದರೆ, ಸೋರದ ಪೊರೆ ಸಿಗದೆ ಹೋದಾಗ ಜನ ಏನೇನು ಉಪಾಯ ಹೂಡಿದರು ಎಂಬುದರ ಚರಿತ್ರೆ. ಲೋಹ ಬದಲಾದದ್ದು ಕೂಡ ಬಹಳ ಮಟ್ಟಿಗೆ ಪೊರೆಯ ಕಾಟಕ್ಕೆ ಬೇಸತ್ತೇ.

ದ್ರವದಲ್ಲಿ ವಿದ್ಯುತ್ತು ಕೂಡಿಡುವ ವಿಧಾನಕ್ಕೆ ಜರ್ಮನಿಯ ಬ್ರೌನ್‌ಷ್ವೈಗ್‌ನ ವಾಲ್ಥರ್ ಕಾಂಗ್ರೋ 1949ರಲ್ಲೇ ಪೇಟೆಂಟ್ ಅರ್ಜಿ ಹಾಕಿದ್ದರು. ತೈಲ ಅಗ್ಗವಾಗಿದ್ದ ಕಾಲ, ಯಾರೂ ಅಷ್ಟಾಗಿ ಗಮನಿಸಲಿಲ್ಲ. ಅದರ ಮರುವರ್ಷ, 1950ರಲ್ಲಿ, ಅಮೆರಿಕದಲ್ಲಿ ವಾಲ್ಟರ್ ಜುಡಾ ಮತ್ತು ವೇಯ್ನ್ ಮ್ಯಾಕ್ರೇ ಇನ್ನೊಂದು ಕೆಲಸ ಮಾಡಿದರು. ಕೆಲವು ಅಯಾನುಗಳನ್ನು ಬಿಟ್ಟು ಕೆಲವನ್ನು ತಡೆಯುವ ರಾಳವನ್ನು ಹಾಳೆಯ ರೂಪಕ್ಕೆ ತಂದರು. ಅವರ ಐಯೋನಿಕ್ಸ್ ಕಂಪನಿಗೆ ಬ್ಯಾಟರಿಯ ಗೊಡವೆ ಇರಲಿಲ್ಲ, ಉಪ್ಪುನೀರನ್ನು ಸಿಹಿನೀರು ಮಾಡುವುದು ಅದರ ಕಸುಬು. ಇಂದಿನ ಬ್ಯಾಟರಿಗಳ ಪೊರೆ ಹುಟ್ಟಿದ್ದು ಕುಡಿಯುವ ನೀರಿನ ಚಿಂತೆಯಿಂದ ಎಂಬುದನ್ನು ನೆನಪಿಟ್ಟುಕೊಳ್ಳಿ, ನೀರಿನ ಮಾತು ಮುಂದೆ ಮತ್ತೆ ಬರುತ್ತದೆ.

1973ರಲ್ಲಿ ಅರಬ್ ದೇಶಗಳು ತೈಲ ನಿಲ್ಲಿಸಿದ ಮೇಲೆ ಅಮೆರಿಕಕ್ಕೆ ಗಾಳಿ, ಬಿಸಿಲು ನೆನಪಾದವು. ಓಹಾಯೋದ ಕ್ಲೀವ್‌ಲ್ಯಾಂಡ್‌ನಲ್ಲಿ ನಾಸಾದ ಲೂಯಿಸ್ ಸಂಶೋಧನಾ ಕೇಂದ್ರ ಒಂದು ಕಡೆ ದೊಡ್ಡ ಗಾಳಿಯಂತ್ರ ನಿಲ್ಲಿಸಿತು. ಅದೇ ಕೇಂದ್ರದ ಲಾರೆನ್ಸ್ ಥೇಲರ್ ಇನ್ನೊಂದು ಕಡೆ ಫ್ಲೋ ಬ್ಯಾಟರಿಯ ವಿನ್ಯಾಸ ಮಾಡಿ 1976ರಲ್ಲಿ ಪೇಟೆಂಟ್ ಪಡೆದರು. ಒಂದು ತೊಟ್ಟಿಯಲ್ಲಿ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕರಗಿದ ಕಬ್ಬಿಣ, ಇನ್ನೊಂದರಲ್ಲಿ ಕ್ರೋಮಿಯಂ. ಎರಡೂ ಅಗ್ಗ. ಪೊರೆ ಮಾಡಿಕೊಡುವ ಕೆಲಸ ಐಯೋನಿಕ್ಸ್‌ಗೆ ಬಂತು.

ಅವರು ಮಾಡಿದ್ದು ತನ್ನ ಮೈಯಲ್ಲೇ ಧನ ವಿದ್ಯುದಂಶ ಹೊತ್ತ ಪೊರೆ. ಕಬ್ಬಿಣ, ಕ್ರೋಮಿಯಂಗಳ ಅಯಾನುಗಳೂ ಧನ, ಹಾಗಾಗಿ ಪೊರೆ ಅವನ್ನು ದೂರ ತಳ್ಳುತ್ತದೆ. ಋಣ ವಿದ್ಯುದಂಶದ ಕ್ಲೋರೈಡ್ ಮಾತ್ರ ಆಚೀಚೆ ಓಡಾಡಿ ಮಂಡಲವನ್ನು ಪೂರ್ತಿಗೊಳಿಸುತ್ತದೆ. ಕಾಗದದ ಮೇಲೆ ಚೆಂದದ ವ್ಯವಸ್ಥೆ. ಬಳಕೆಯಲ್ಲಿ ಮಾತ್ರ ಪೊರೆಯನ್ನು ಬಿಗಿ ಮಾಡಿದರೆ ಕ್ಲೋರೈಡಿಗೂ ದಾರಿ ಕಿರಿದಾಗಿ ರೋಧ ಹೆಚ್ಚುತ್ತಿತ್ತು, ಸಡಿಲ ಮಾಡಿದರೆ ಲೋಹಗಳು ನುಸುಳುತ್ತಿದ್ದವು. ನುಸುಳಿದ ಕಬ್ಬಿಣ ಕ್ರೋಮಿಯಂ ತೊಟ್ಟಿಯಲ್ಲಿ ಪರದೇಶಿ, ಕ್ರೋಮಿಯಂ ಕಬ್ಬಿಣದ ತೊಟ್ಟಿಯಲ್ಲಿ ಪರದೇಶಿ. ತಾನಾಗಿ ಹಿಂದಿರುಗುವ ದಾರಿ ಅವಕ್ಕಿಲ್ಲ. ತಿಂಗಳು ಕಳೆದಂತೆ ಬ್ಯಾಟರಿಯ ಶಕ್ತಿ ಇಳಿಯುತ್ತಲೇ ಹೋಗುತ್ತದೆ.

1980ರ ದಶಕದ ಆರಂಭದಲ್ಲಿ ನಾಸಾದವರು ಪೊರೆಯ ಹಟ ಬಿಟ್ಟರು. ಹೇಗೂ ಬೆರೆಯುತ್ತವೆ ಎಂದಾದರೆ ಮೊದಲೇ ಬೆರೆಸಿಬಿಟ್ಟರೆ? ಎರಡೂ ತೊಟ್ಟಿಗಳಿಗೆ ಕಬ್ಬಿಣವನ್ನೂ ಕ್ರೋಮಿಯಮನ್ನೂ ಸಮವಾಗಿ ಹಾಕಿದರು. ಕ್ರೋಮಿಯಂ ಚುರುಕಾಗಲಿ ಎಂದು ದ್ರಾವಣವನ್ನು 65 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದರು. ಈಗ ಪೊರೆ ಅಗ್ಗದ್ದಾದರೂ ನಡೆಯಿತು, ಯಾಕೆಂದರೆ ಆಚೆಗೂ ಈಚೆಗೂ ಲೋಹಗಳ ಸಾಂದ್ರತೆ ಒಂದೇ, ನುಸುಳುವ ಒತ್ತಡವೇ ಇಲ್ಲ. ಬೆಲೆ ತೆತ್ತದ್ದು ಬೇರೆ ಕಡೆ: ಪ್ರತಿ ತೊಟ್ಟಿಯಲ್ಲೂ ಅರ್ಧ ಲೋಹ ಸುಮ್ಮನೆ ಬಿದ್ದಿರುತ್ತದೆ. ಅಷ್ಟರಲ್ಲಿ ತೈಲದ ಬೆಲೆಯೂ ಇಳಿಯಿತು, ನಾಸಾದ ಆಸಕ್ತಿಯೂ ಇಳಿಯಿತು. ಕೆಲಸ ಅಮೆರಿಕದ ಒಂದು ತೈಲ ಕಂಪನಿಗೂ ಜಪಾನಿಗೂ ದಾಟಿತು.

ಎರಡೂ ತೊಟ್ಟಿಗಳಲ್ಲಿ ಒಂದೇ ಬಗೆಯ ದ್ರಾವಣ ಎಂಬ ಈ ಉಪಾಯವನ್ನು ಇನ್ನೊಂದು ಹೆಜ್ಜೆ ಮುಂದೆ ಒಯ್ದರೆ ವೆನೇಡಿಯಂ ಬ್ಯಾಟರಿ ಸಿಗುತ್ತದೆ. ಅದನ್ನು ಮಾಡಿ ತೋರಿಸಿದ್ದು ಸಿಡ್ನಿಯ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದ ಮರಿಯಾ ಸ್ಕಿಲ್ಲಾಸ್-ಕಝಾಕೋಸ್. ಗ್ರೀಸಿನ ಕಾಲಿಮ್ನೋಸ್ ದ್ವೀಪದಲ್ಲಿ 1951ರಲ್ಲಿ ಹುಟ್ಟಿದವರು, ಎಳವೆಯಲ್ಲೇ ತಂದೆತಾಯಿಯೊಡನೆ ಆಸ್ಟ್ರೇಲಿಯಕ್ಕೆ ಬಂದವರು. ವೆನೇಡಿಯಂ ನಾಲ್ಕು ಅವಸ್ಥೆಗಳಲ್ಲಿ ಕರಗಿ ಇರಬಲ್ಲದು, ನಾಲ್ಕಕ್ಕೂ ನಾಲ್ಕು ಬಣ್ಣ. ಎರಡನೆಯ ಅವಸ್ಥೆ ನೇರಳೆ, ಮೂರನೆಯದು ಹಸಿರು, ನಾಲ್ಕನೆಯದು ನೀಲಿ, ಐದನೆಯದು ಹಳದಿ. ಒಂದು ತೊಟ್ಟಿಯಲ್ಲಿ ನೇರಳೆ-ಹಸಿರು, ಇನ್ನೊಂದರಲ್ಲಿ ನೀಲಿ-ಹಳದಿ ಎಂದು ಓಡಿಸಿದರೆ ಇಡೀ ಬ್ಯಾಟರಿ ಒಂದೇ ಲೋಹದಲ್ಲಿ ನಡೆಯುತ್ತದೆ.

ವಿಚಾರ ಅವರಿಗಿಂತ ಮೊದಲೇ ಇತ್ತು. 1978ರ ಒಂದು ಪೇಟೆಂಟಿನಲ್ಲಿ ಇಬ್ಬರು ಇಟಾಲಿಯನ್ನರು ಅದನ್ನು ಸೂಚಿಸಿದ್ದರು. ಅಡ್ಡಿಯಾಗಿದ್ದದ್ದು ಹಳದಿ. ಐದನೆಯ ಅವಸ್ಥೆಯ ವೆನೇಡಿಯಂ ಅಂದರೆ ವೆನೇಡಿಯಂ ಪೆಂಟಾಕ್ಸೈಡ್, ಅದು ಆಮ್ಲದಲ್ಲಿ ಸರಿಯಾಗಿ ಕರಗದು, ಇಷ್ಟು ತೆಳುವಾದ ದ್ರಾವಣದಿಂದ ಬ್ಯಾಟರಿ ಸಾಧ್ಯವಿಲ್ಲ ಎಂದು ಎಲ್ಲರೂ ಕೈಬಿಟ್ಟಿದ್ದರು. ಸಿಡ್ನಿಯ ಗುಂಪು ಪೆಂಟಾಕ್ಸೈಡಿನ ಪುಡಿಯನ್ನು ಕರಗಿಸಲು ಒದ್ದಾಡಲಿಲ್ಲ. ಚೆನ್ನಾಗಿ ಕರಗುವ ನೀಲಿ ವೆನೇಡಿಲ್ ಸಲ್ಫೇಟನ್ನು ಗಂಧಕಾಮ್ಲದಲ್ಲಿ ಕರಗಿಸಿ, ಆ ದ್ರಾವಣದೊಳಗೇ ವಿದ್ಯುತ್ತು ಹಾಯಿಸಿ ಅದನ್ನು ಹಳದಿಗೆ ತಿರುಗಿಸಿತು. ಹಾಗೆ ಹುಟ್ಟಿದ ಹಳದಿ ತಳಕ್ಕಿಳಿಯದೆ ದ್ರಾವಣದಲ್ಲೇ ಉಳಿಯಿತು. 1986ರಲ್ಲಿ ಪೇಟೆಂಟ್ ಅರ್ಜಿ, 1988ರಲ್ಲಿ ಅಮೆರಿಕದ ಪೇಟೆಂಟ್.

ಈ ಶೋಧದ ದೊಡ್ಡತನ ಇರುವುದು ವೋಲ್ಟೇಜಿನಲ್ಲಲ್ಲ, ಅದು ಸುಮಾರು 1.26 ವೋಲ್ಟ್ ಅಷ್ಟೇ. ದೊಡ್ಡತನ ಇರುವುದು ಪೊರೆಯ ತಪ್ಪನ್ನು ಮನ್ನಿಸುವ ಗುಣದಲ್ಲಿ. ವೆನೇಡಿಯಂ ಪೊರೆ ದಾಟಿದರೂ ಆಚೆ ಸಿಗುವುದು ವೆನೇಡಿಯಮ್ಮೇ. ಆ ಹೊತ್ತಿನ ಒಂದಿಷ್ಟು ಚಾರ್ಜ್ ವ್ಯರ್ಥವಾಗುತ್ತದೆ, ನಿಜ. ಒಂದು ತೊಟ್ಟಿಯಲ್ಲಿ ವೆನೇಡಿಯಂ ಹೆಚ್ಚಿ ಇನ್ನೊಂದರಲ್ಲಿ ಕಡಿಮೆಯಾಗುತ್ತದೆ, ಅದೂ ನಿಜ. ಆದರೆ ಆಗಾಗ ಎರಡೂ ತೊಟ್ಟಿಗಳ ದ್ರಾವಣವನ್ನು ಕಲೆಸಿ ಮತ್ತೆ ಸಮ ಪಾಲು ಮಾಡಿ ಚಾರ್ಜ್ ಮಾಡಿದರೆ ಹೀಗೆ ಕಳೆದುಹೋದ ಸಾಮರ್ಥ್ಯ ಮರಳಿ ಬರುತ್ತದೆ. ಕಬ್ಬಿಣ-ಕ್ರೋಮಿಯಂನಲ್ಲಿ ದಾಟಿದ ಲೋಹ ಪರದೇಶಿಯಾಗುತ್ತಿತ್ತು. ಇಲ್ಲಿ ಅದು ಮನೆಯ ಪಡಸಾಲೆಯಿಂದ ಅಡುಗೆಮನೆಗೆ ಹೋದ ಹಾಗೆ.

ಹಾಗಾದರೆ ಪೊರೆಯ ಚಿಂತೆ ಮುಗಿಯಿತೇ? ಇಲ್ಲ, ವೆನೇಡಿಯಂ ಸೋರಿಕೆಯನ್ನು ಮನ್ನಿಸಿತು, ಪೊರೆಯನ್ನು ಮನ್ನಿಸಲಿಲ್ಲ. ಹಳದಿ ದ್ರಾವಣ ಭಾರೀ ಉತ್ಕರ್ಷಕ. ಜಲಜನಕ ಮತ್ತು ಇಂಗಾಲದಿಂದ ಮಾಡಿದ ಸಾಮಾನ್ಯ ಪೊರೆಗಳನ್ನು ಅದು ಕೊರೆದು ತಿನ್ನುತ್ತದೆ. ಸಿಡ್ನಿಯವರು ಮೊದಮೊದಲು ಬಳಸಿದ ಜಪಾನಿನ ಸೆಲೆಮಿಯಾನ್ ಪೊರೆಗೂ ಇದೇ ಗತಿಯಾಯಿತು. ಆಮೇಲೆ ಅವರು ಸೀಸದ ಬ್ಯಾಟರಿಗಳಲ್ಲಿ ಹಾಕುವ ಡಾರಾಮಿಕ್ ಎಂಬ ಅಗ್ಗದ ರಂಧ್ರಗಳ ಹಾಳೆಯನ್ನು ತಂದು, ಅದರ ತೂತುಗಳಲ್ಲಿ ಅಯಾನು ವಿನಿಮಯ ರಾಳ ತುಂಬಿ ನೋಡಿದರು. 1990ರ ದಶಕದ ಆ ಪ್ರಯತ್ನಗಳನ್ನು ಓದುವಾಗ ಪ್ರಯೋಗಾಲಯಕ್ಕಿಂತ ರಿಪೇರಿ ಅಂಗಡಿ ನೆನಪಾಗುತ್ತದೆ. ಸಿಕ್ಕಿದ್ದನ್ನು ತಂದು ತೇಪೆ ಹಾಕಿ, ಎಷ್ಟು ದಿನ ಬಾಳುತ್ತದೆಂದು ನೋಡುವುದು. ನನಗೆ ಈ ಭಾಗ ಬಹಳ ಇಷ್ಟ. ಆದರೆ ಹಳದಿ ದ್ರಾವಣದಲ್ಲಿ ಜಗ್ಗದೆ ನಿಂತದ್ದು ಬೇರೊಂದು ಪೊರೆ, ನೇಫಿಯಾನ್.

ನೇಫಿಯಾನ್ ಹುಟ್ಟಿದ್ದು ಬ್ಯಾಟರಿಗಾಗಿ ಅಲ್ಲ. 1960ರ ದಶಕದಲ್ಲಿ ಅಮೆರಿಕದ ಡ್ಯುಪಾಂಟ್ ಕಂಪನಿಯಲ್ಲಿ ವಾಲ್ಥರ್ ಗ್ರೋಟ್ ಅದನ್ನು ರೂಪಿಸಿದರು. ದೋಸೆ ಕಾವಲಿಗೆ ಹಚ್ಚುವ ಟೆಫ್ಲಾನಿನಂಥದೇ ಬೆನ್ನೆಲುಬು, ಅದಕ್ಕೆ ಅಲ್ಲಲ್ಲಿ ಜೋತುಬಿದ್ದ ಕವಲುಗಳು, ಕವಲಿನ ತುದಿಯಲ್ಲಿ ಗಂಧಕಾಮ್ಲದ ಜಾತಿಯ ಒಂದು ಗುಂಪು. ಬೆನ್ನೆಲುಬಿಗೆ ನೀರೆಂದರೆ ಆಗದು, ತುದಿಗೆ ನೀರೆಂದರೆ ಪ್ರಾಣ. ಹಾಗಾಗಿ ಪೊರೆ ಒದ್ದೆಯಾದಾಗ ಅದರೊಳಗೆ ನೀರಿನ ಪುಟ್ಟ ಪುಟ್ಟ ಕೊಳಗಳಾಗುತ್ತವೆ, ಸುಮಾರು 4 ನ್ಯಾನೋಮೀಟರ್ ಅಗಲದವು, ಒಂದಕ್ಕೊಂದು 1 ನ್ಯಾನೋಮೀಟರಿನ ಕಾಲುವೆಗಳಿಂದ ಕೂಡಿಕೊಂಡವು. 1980ರ ದಶಕದ ಆರಂಭದಲ್ಲಿ ಡ್ಯುಪಾಂಟಿನ ವಿಜ್ಞಾನಿಗಳೇ ಕೊಟ್ಟ ಈ ಚಿತ್ರವನ್ನು ಮುಂದೆ ಬೇರೆಯವರು ತಿದ್ದಿದ್ದಾರೆ, ಆದರೂ ವಿಷಯ ಅರ್ಥಮಾಡಿಕೊಳ್ಳಲು ಅದು ಸಾಕು.

ಆ ಕಾಲುವೆಗಳಲ್ಲಿ ಪ್ರೋಟಾನ್ ಸಾಗುವ ಬಗೆಯೇ ಬೇರೆ. ತುಂಬಿದ ಬಸ್ಸಿನಲ್ಲಿ ಹಿಂದಿನ ಬಾಗಿಲ ಹತ್ತಿರ ನಿಂತವರ ಟಿಕೆಟ್ ದುಡ್ಡು ಕೈಯಿಂದ ಕೈಗೆ ದಾಟಿ ಮುಂದಿರುವ ಕಂಡಕ್ಟರನ್ನು ಮುಟ್ಟುತ್ತದಲ್ಲ, ಹಾಗೆ ಒಂದು ನೀರಿನ ಅಣುವಿನಿಂದ ಇನ್ನೊಂದಕ್ಕೆ ಪ್ರೋಟಾನ್ ದಾಟುತ್ತದೆ. ಯಾರೂ ಜಾಗ ಬಿಟ್ಟು ಕದಲಬೇಕಿಲ್ಲ. ವೆನೇಡಿಯಂ ಅಯಾನು ಮಾತ್ರ ನೀರಿನ ಅಣುಗಳ ಗಂಟುಮೂಟೆ ಕಟ್ಟಿಕೊಂಡು ಸ್ವತಃ ನುಗ್ಗಿ ಬರಬೇಕಾದ ಪ್ರಯಾಣಿಕ. ಬ್ಯಾಟರಿಗೆ ಬೇಕಾದದ್ದು ಇಷ್ಟೇ, ದುಡ್ಡು ದಾಟಲಿ, ಪ್ರಯಾಣಿಕ ದಾಟದಿರಲಿ. ನೇಫಿಯಾನಿನ ಕಾಲುವೆಗಳು ಪ್ರಯಾಣಿಕನಿಗೂ ಸ್ವಲ್ಪ ಸಡಿಲವೇ. ಪೊರೆಯನ್ನು ದಪ್ಪ ಮಾಡಿದರೆ ನುಗ್ಗುವವರು ಕಡಿಮೆಯಾಗುತ್ತಾರೆ, ಆಗ ರೋಧವೂ ಬೆಲೆಯೂ ಏರುತ್ತವೆ. ಸಂಶೋಧನೆಯಲ್ಲಿ ಹೆಚ್ಚು ಬಳಕೆಯಾದ ನೇಫಿಯಾನ್ 117ರ ದಪ್ಪ ಸುಮಾರು 180 ಮೈಕ್ರಾನ್, ಬೆಲೆ ಚದರ ಮೀಟರಿಗೆ ನೂರಾರು ಡಾಲರ್. ದೊಡ್ಡ ಬ್ಯಾಟರಿಗೆ ಚದರ ಮೀಟರುಗಳು ಸಾವಿರಗಟ್ಟಲೆ ಬೇಕು.

ನೇಫಿಯಾನ್‌ಗೆ ಮೊದಲ ದೊಡ್ಡ ಗಿರಾಕಿಯಾದದ್ದು ಕಾಸ್ಟಿಕ್ ಸೋಡಾ ಕಾರ್ಖಾನೆ. ಉಪ್ಪುನೀರಿಗೆ ವಿದ್ಯುತ್ತು ಹಾಯಿಸಿ ಕ್ಲೋರಿನ್ ಮತ್ತು ಕಾಸ್ಟಿಕ್ ಸೋಡಾ ತೆಗೆಯಲು ಆವರೆಗೆ ಪಾದರಸ ಬಳಸುತ್ತಿದ್ದರು. ಮಿನಾಮಾಟದಲ್ಲಿ ಪಾದರಸದ ವಿಷಕ್ಕೆ ಜನ ಬಲಿಯಾದದ್ದು ಬೇರೆ ಬಗೆಯ ಕಾರ್ಖಾನೆಯಿಂದ, ಆದರೆ ಆ ದುರಂತದ ನಂತರ ಜಪಾನಿನಲ್ಲಿ ಪಾದರಸವೆಂದರೆ ಯಾರೂ ಸಹಿಸುವಂತಿರಲಿಲ್ಲ. 1973ರಲ್ಲಿ ಅಲ್ಲಿನ ಸರ್ಕಾರ ಕಾಸ್ಟಿಕ್ ಸೋಡಾ ಕಾರ್ಖಾನೆಗಳಿಗೂ ಪಾದರಸ ಬಿಡಲು ಹೇಳಿತು. 1975ರಲ್ಲಿ ನೊಬೆಯೋಕಾದಲ್ಲಿ ಅಸಾಹಿ ಕಂಪನಿ ನೇಫಿಯಾನ್ ಪೊರೆಯ ಕಾರ್ಖಾನೆ ನಡೆಸಿತು. ಪಾದರಸದ ಕೆಲಸವನ್ನು ಒಂದು ಹಾಳೆ ಮಾಡತೊಡಗಿತು.

ಈ ಬದಲಾವಣೆಯ ಬೆಲೆ ಕರ್ನಾಟಕದ ಕರಾವಳಿಗೂ ಗೊತ್ತು. ಕಾರವಾರದ ಬಿಣಗಾದಲ್ಲಿದ್ದ ಕಾಸ್ಟಿಕ್ ಸೋಡಾ ಕಾರ್ಖಾನೆ ಪಾದರಸದ ವಿಧಾನದ್ದು. ಅದರ ಸುತ್ತಲಿನ ಕಡಲಿನಲ್ಲಿ ಪಾದರಸ ಸೇರಿದ್ದನ್ನು ಅಳೆದು ಬರೆದ ಅಧ್ಯಯನ 1990ರಲ್ಲಿ ಸಾಗರ ಮಾಲಿನ್ಯದ ಅಂತರರಾಷ್ಟ್ರೀಯ ಪತ್ರಿಕೆಯಲ್ಲಿ ಬಂತು. ಈ ಶತಮಾನದಲ್ಲಿ ಭಾರತದ ಕಾಸ್ಟಿಕ್ ಸೋಡಾ ಉದ್ಯಮವೂ ಬಹುಪಾಲು ಪಾದರಸ ಬಿಟ್ಟು ಪೊರೆಗೆ ಬಂತು. ಹಾಗೆ ನೋಡಿದರೆ ಫ್ಲೂರಿನ್ ಪೊರೆ ನೀರನ್ನು ಕಾಪಾಡಿದ ವಸ್ತು. ‘ಪೊರೆ’ ಎಂಬ ನಮ್ಮ ಮಾತಿಗೆ ಕಾಪಾಡು ಎಂಬ ಅರ್ಥವೂ ಇದೆಯಲ್ಲ, ಇಲ್ಲಿ ಎರಡೂ ಅರ್ಥ ಕೂಡಿಬಂದಿದ್ದವು.

ಆದರೆ ಆ ಪೊರೆಯನ್ನು ಎಲ್ಲೋ ತಯಾರಿಸಬೇಕಲ್ಲ. ಡ್ಯುಪಾಂಟಿನ ಕೇಂದ್ರ ಕಚೇರಿ ಇದ್ದದ್ದು ಡೆಲವೇರ್ ರಾಜ್ಯದ ವಿಲ್ಮಿಂಗ್ಟನ್ ಊರಿನಲ್ಲಿ. ನಾರ್ತ್ ಕ್ಯಾರೊಲೈನಾ ರಾಜ್ಯದಲ್ಲಿ ಅದೇ ಹೆಸರಿನ ಇನ್ನೊಂದು ಊರಿದೆ, ಅದು ಕುಡಿಯುವುದು ಕೇಪ್ ಫಿಯರ್ ನದಿಯ ನೀರು. ನೇಫಿಯಾನ್ ತಯಾರಾಗುವ ಕಾರ್ಖಾನೆ ಅದೇ ನದಿಯ ಮೇಲ್ಭಾಗದಲ್ಲಿ, ಫಯೆಟ್‌ವಿಲ್ ಹತ್ತಿರ. 2015ರಲ್ಲಿ ಡ್ಯುಪಾಂಟ್ ತನ್ನ ಈ ವ್ಯವಹಾರವನ್ನು ಕೆಮೂರ್ಸ್ ಎಂಬ ಬೇರೆ ಕಂಪನಿಯಾಗಿ ಒಡೆಯಿತು. 2017ರ ಜೂನ್‌ನಲ್ಲಿ ವಿಲ್ಮಿಂಗ್ಟನ್ನಿನ ಪತ್ರಿಕೆ, ಊರಿನ ನಲ್ಲಿ ನೀರಿನಲ್ಲಿ ಆ ಕಾರ್ಖಾನೆಯ ಫ್ಲೂರಿನ್ ರಾಸಾಯನಿಕಗಳಿವೆ ಎಂಬ ಸುದ್ದಿ ಪ್ರಕಟಿಸಿತು. ಅದರ ಮೇಲೆ ವಿಜ್ಞಾನಿಗಳು ಊರಿನ 344 ಜನರ ರಕ್ತ ಪರೀಕ್ಷಿಸಿದರು, ಫಲಿತಾಂಶ 2020ರಲ್ಲಿ ಪ್ರಕಟವಾಯಿತು. ಬಹುಪಾಲು ಎಲ್ಲರ ರಕ್ತದಲ್ಲೂ ಸಿಕ್ಕ ಒಂದು ವಸ್ತುವಿನ ಹೆಸರು ‘ನೇಫಿಯಾನ್ ಬೈಪ್ರಾಡಕ್ಟ್ 2’. ಅಂದರೆ ಪೊರೆ ತಯಾರಿಸುವಾಗ ಉಳಿದುಹೋಗುವ ಉಪವಸ್ತು. ಮಕ್ಕಳ ರಕ್ತದಲ್ಲೂ ಅದಿತ್ತು.

ಅಯಾನನ್ನೂ ಸೋರಗೊಡಬಾರದೆಂದು ಮಾಡಿದ ಹಾಳೆಯ ಕಾರ್ಖಾನೆ ನದಿಗೆ ಸೋರುತ್ತಿತ್ತು. 2019ರಲ್ಲಿ ರಾಜ್ಯ ಸರ್ಕಾರ, ನದಿ ಕಾಯುವ ಸ್ಥಳೀಯ ಸಂಘಟನೆ ಮತ್ತು ಕಂಪನಿಯ ನಡುವೆ ನ್ಯಾಯಾಲಯದ ಒಪ್ಪಂದವಾಗಿ, ಹೊಗೆ-ನೀರುಗಳ ಸೋರಿಕೆ ತಡೆಯುವ ವ್ಯವಸ್ಥೆ ಬಂತು. ಈ ಗುಂಪಿನ ವಸ್ತುಗಳು ಪರಿಸರದಲ್ಲಿ ಸುಲಭವಾಗಿ ಕರಗಿ ಹೋಗುವಂಥವಲ್ಲ. ಇಂಗಾಲ-ಫ್ಲೂರಿನ್ ಬಂಧ ಎಷ್ಟು ಗಟ್ಟಿಯೆಂದರೆ ವೆನೇಡಿಯಂನ ಹಳದಿ ದ್ರಾವಣಕ್ಕೂ ಅದನ್ನು ಮುರಿಯಲು ಆಗದು. ಬ್ಯಾಟರಿಯಲ್ಲಿ ನಾವು ಮೆಚ್ಚಿದ ಗುಣ, ನದಿಯಲ್ಲಿ ನಾವು ಹೆದರುವ ಗುಣ ಎರಡೂ ಒಂದೇ. 2023ರ ಆರಂಭದಲ್ಲಿ ಜರ್ಮನಿ, ನೆದರ್ಲೆಂಡ್ಸ್, ಡೆನ್ಮಾರ್ಕ್, ಸ್ವೀಡನ್ ಮತ್ತು ನಾರ್ವೆ ಸೇರಿ ಇಂಥ 10,000ಕ್ಕೂ ಹೆಚ್ಚು ವಸ್ತುಗಳಿಗೆ ಯುರೋಪಿನಲ್ಲಿ ಕಡಿವಾಣ ಹಾಕುವ ಪ್ರಸ್ತಾವ ಮಂಡಿಸಿದವು. ನೇಫಿಯಾನ್ ಜಾತಿಯ ಪೊರೆಗಳೂ ಆ ಪಟ್ಟಿಯ ವ್ಯಾಪ್ತಿಯೊಳಗೇ ಬರುತ್ತವೆ. ಕಂಪನಿಗಳು ವಿನಾಯಿತಿ ಕೇಳಿದವು, ಇಂಥ ಪೊರೆಯಿಲ್ಲದೆ ಹಸಿರು ಇಂಧನವೇ ಸಾಧ್ಯವಿಲ್ಲ ಎಂಬ ವಾದ ಬಂತು. ವಾದದಲ್ಲಿ ಹುರುಳಿದೆ, ಆದರೆ ಅದು ಹುರುಳಿನ ಪೂರ್ತಿ ಲೆಕ್ಕವಲ್ಲ ಎಂದು ನನ್ನ ಅನಿಸಿಕೆ. ಯಾಕೆಂದರೆ ಫ್ಲೂರಿನ್ ಬಿಟ್ಟು ಪೊರೆ ಮಾಡುವ ಕೆಲಸ ಅಷ್ಟರಲ್ಲಾಗಲೇ ಸಾಕಷ್ಟು ಮುಂದೆ ಬಂದಿತ್ತು.

2011ರಲ್ಲಿ ಚೀನಾದ ಡಾಲಿಯನ್ ರಾಸಾಯನಿಕ ಭೌತವಿಜ್ಞಾನ ಸಂಸ್ಥೆಯವರು ಬೇರೆ ದಾರಿ ತೋರಿಸಿದರು. ವಿದ್ಯುದಂಶ ನೋಡಿ ಬಿಡುವ ಪೊರೆಯ ಬದಲು ಗಾತ್ರ ನೋಡಿ ಬಿಡುವ ಪೊರೆ, ಅಂದರೆ ಬರೀ ಜರಡಿ. ಬಟ್ಟೆ ನೂಲಿಗೆ ಬಳಸುವ ಪಾಲಿಅಕ್ರಿಲೋನೈಟ್ರೈಲಿನಿಂದಲೇ ಅತಿ ಸಣ್ಣ ತೂತುಗಳ ಹಾಳೆ ಮಾಡಿ, ಪುಟ್ಟ ಪ್ರೋಟಾನನ್ನು ಬಿಟ್ಟು ಗಂಟುಮೂಟೆಯ ವೆನೇಡಿಯಮನ್ನು ತಡೆಯಬಹುದೆಂದು ಸಾಧಿಸಿದರು. ಡೇನಿಯಲ್‌ನ ಮಣ್ಣಿನ ಕುಡಿಕೆಯ ವಂಶವೇ ಇದು, ತೂತು ಮಾತ್ರ ಬಹುಪಾಲು ಕಿರಿದು. ಅದೇ ಡಾಲಿಯನ್ ನಗರದಲ್ಲಿ 2022ರಲ್ಲಿ 100 ಮೆಗಾವಾಟ್, 400 ಮೆಗಾವಾಟ್-ಗಂಟೆಯ ವೆನೇಡಿಯಂ ಬ್ಯಾಟರಿ ಗ್ರಿಡ್ಡಿಗೆ ಸೇರಿತು.

ಜರ್ಮನಿಯ ಯೇನಾದ ಉಲ್ರಿಖ್ ಶೂಬರ್ಟ್ ಅವರ ಗುಂಪು 2015ರಲ್ಲಿ ಪ್ರಶ್ನೆಯನ್ನೇ ತಿರುವಿ ಹಾಕಿತು. ತೂತನ್ನು ಕಿರಿದು ಮಾಡಲು ಇಷ್ಟು ಕಷ್ಟವಾದರೆ ದಾಟುವವನನ್ನೇ ದೊಡ್ಡವನನ್ನಾಗಿ ಮಾಡಿದರೆ? ಲೋಹಗಳನ್ನು ಬಿಟ್ಟು, ಚಾರ್ಜ್ ಹಿಡಿಯುವ ಅಣುಗಳನ್ನು ಉದ್ದನೆಯ ಪಾಲಿಮರ್ ಸರಪಳಿಗಳಿಗೆ ಪೋಣಿಸಿ ಉಪ್ಪುನೀರಿನಲ್ಲಿ ಕರಗಿಸಿದರು. ಅವನ್ನು ತಡೆಯಲು ಸೆಲ್ಯುಲೋಸಿನ ಸಾದಾ ಡಯಾಲಿಸಿಸ್ ಪೊರೆ ಸಾಕಾಯಿತು. 1943ರಲ್ಲಿ ಜರ್ಮನ್ನರ ವಶದಲ್ಲಿದ್ದ ಹಾಲೆಂಡಿನಲ್ಲಿ ವಿಲೆಮ್ ಕೋಲ್ಫ್ ಎಂಬ ವೈದ್ಯ ಸಾಸೇಜ್ ತುಂಬುವ ಸೆಲೋಫೇನ್ ಕೊಳವೆಯಿಂದ ಮೊದಲ ಕೃತಕ ಮೂತ್ರಪಿಂಡ ಕಟ್ಟಿದ್ದ, ಅದೇ ಜಾತಿಯ ಪೊರೆ. ಕಷ್ಟ ಮತ್ತೆ ಜಾಗ ಬದಲಿಸಿತು: ದೊಡ್ಡ ಸರಪಳಿಗಳ ದ್ರಾವಣ ಮಂದ, ಅದನ್ನು ಪಂಪು ಮಾಡುವುದು ತ್ರಾಸ, ಹಿಡಿಯುವ ಶಕ್ತಿಯೂ ವೆನೇಡಿಯಮಿಗಿಂತ ಕಡಿಮೆ.

ನಮ್ಮ ದೇಶದಲ್ಲಿ ಈ ಕೆಲಸ ನಡೆಯುವ ಮುಖ್ಯ ಜಾಗಗಳಲ್ಲಿ ಒಂದು ಗುಜರಾತಿನ ಭಾವನಗರದಲ್ಲಿರುವ ಕೇಂದ್ರೀಯ ಉಪ್ಪು ಮತ್ತು ಸಾಗರ ರಾಸಾಯನಿಕಗಳ ಸಂಶೋಧನಾ ಸಂಸ್ಥೆ. 1954ರಲ್ಲಿ ಸ್ಥಾಪನೆಯಾದ ಅದರ ಪೊರೆಯ ವಿದ್ಯೆ ಬೆಳೆದದ್ದು ಸವಳು ನೀರನ್ನು ಸಿಹಿ ಮಾಡುವುದರಲ್ಲಿ, ಐಯೋನಿಕ್ಸಿನ ಹಾಗೆಯೇ. ಈಗ ಅಲ್ಲಿ ವೆನೇಡಿಯಂ ಬ್ಯಾಟರಿಯ ಪೊರೆಗಳೂ ತಯಾರಾಗುತ್ತವೆ, ಹಲವು ಫ್ಲೂರಿನ್ ಇಲ್ಲದವು.

ಭಾವನಗರವಿರಲಿ, ಡಾಲಿಯನ್ ಇರಲಿ, ಹೊಸ ಪೊರೆ ಕೈಗೆ ಬಂದಾಗ ಮಾಡುವ ಒಂದು ಪರೀಕ್ಷೆ ಎಲ್ಲ ಕಡೆಯೂ ಒಂದೇ. ಎರಡು ಗಾಜಿನ ಕೋಣೆಗಳ ನಡುವೆ ಪೊರೆಯನ್ನು ಬಿಗಿಯುತ್ತಾರೆ. ಒಂದು ಕಡೆ ನೀಲಿ ವೆನೇಡಿಲ್ ಸಲ್ಫೇಟ್, ಇನ್ನೊಂದು ಕಡೆ ಬಣ್ಣವಿಲ್ಲದ ಮೆಗ್ನೀಸಿಯಂ ಸಲ್ಫೇಟ್. ಎರಡನ್ನೂ ಕಲಕುತ್ತಾ, ಹೊತ್ತು ಹೊತ್ತಿಗೆ ಬಣ್ಣವಿಲ್ಲದ ಕಡೆಯಿಂದ ಸ್ವಲ್ಪ ದ್ರಾವಣ ತೆಗೆದು ಬೆಳಕು ಹಾಯಿಸಿ ಅಳೆಯುತ್ತಾರೆ. ಪಕ್ಕದಲ್ಲಿ ಹೋಲಿಕೆಗೆಂದು ಇನ್ನೊಂದು ಜೋಡಿ ಗಾಜಿನ ಕೋಣೆ ಇರುತ್ತದೆ, ಅದರ ನಡುವೆ ಸಾಮಾನ್ಯವಾಗಿ ನೇಫಿಯಾನ್. ಎರಡರಲ್ಲೂ ನೀಲಿ ಬರುತ್ತದೆ. ಯಾವುದರಲ್ಲಿ ತಡವಾಗಿ ಬಂತು ಎಂಬುದನ್ನು ಬರೆದಿಟ್ಟುಕೊಳ್ಳುತ್ತಾರೆ.